ಕೆಸರಿಂದ ಬಂದ ಆರ್‌ಸಿ ಟ್ರಕ್ ಸರಿಯಾಗಿ ಓಡ್ತಿಲ್ವಾ? ತೊಳೆಯೋಕೆ ಮುಂಚೆ ಇದನ್ನು ನೋಡಿ

ಮಳೆಗಾಲ ಶುರುವಾದ ಮೇಲೆ ಆರ್‌ಸಿ ಟ್ರಕ್ (ರಿಮೋಟಿನಿಂದ ಓಡಿಸುವ ಪುಟ್ಟ ಟ್ರಕ್) ಇಟ್ಟುಕೊಂಡವರ ದೂರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಭಾನುವಾರ ಕೆಸರಲ್ಲಿ ಚೆನ್ನಾಗಿ ಓಡಿತು. ಮನೆಗೆ ತಂದು ಪೈಪ್ ಹಿಡಿದು ತೊಳೆದಿಟ್ಟೆವು. ಮುಂದಿನ ವಾರ ತೆಗೆದರೆ ವೇಗ ಇಲ್ಲ, ಮೋಟಾರ್ ಸುಡುತ್ತಿದೆ, ಎಲ್ಲೋ ಗರಗರ ಸದ್ದು, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದೆ.

ಇಲ್ಲಿ ಎಷ್ಟೋ ಸಲ ತಪ್ಪು ಕೆಸರಿನದ್ದಲ್ಲ, ತೊಳೆದ ರೀತಿಯದ್ದು. ಹೊರಗಿದ್ದ ಮಣ್ಣನ್ನು ನೀರಿನ ರಭಸ ಒಳಗೆ ತಳ್ಳಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಣ್ಣು ಎಲ್ಲಿ ಕೂತಿತ್ತು, ಎಲ್ಲಿ ಉಜ್ಜಿಕೊಂಡು ಹೊಳಪಾಗಿತ್ತು, ಎಲ್ಲಿ ಎಣ್ಣೆ ಸೇರಿ ಕಪ್ಪಾಗಿತ್ತು ಅನ್ನೋ ಗುರುತೆಲ್ಲ ತೊಳೆದಾಗ ಹೋಗಿಬಿಡುತ್ತದೆ. ದೋಷ ಎಲ್ಲಿದೆ ಅಂತ ತೋರಿಸಿಕೊಡೋದೇ ಆ ಗುರುತು. ಹಾಗಾಗಿ ಮೊದಲು ನೋಡೋದು, ಆಮೇಲೆ ಕೈಯಿಂದ ತಿರುಗಿಸೋದು, ಕೊನೆಗೆ ತೊಳೆಯೋದು. ಈ ಬರಹ ಪೂರ್ತಿ ಇದೇ ಕ್ರಮದಲ್ಲಿದೆ.

ಹೇಳುತ್ತಿರುವುದು 1/10 ಅಳತೆಯ (ನಿಜವಾದ ಗಾಡಿಯ ಹತ್ತನೇ ಒಂದು ಗಾತ್ರದ) ಬ್ಯಾಟರಿ ಟ್ರಕ್‌ಗಳ ಬಗ್ಗೆ. ಟ್ರ್ಯಾಕ್ಸಾಸ್ ಸ್ಲ್ಯಾಶ್, ಆರ್ಮಾ ಗ್ರಾನೈಟ್ ಥರದ ಓಡುವ ಟ್ರಕ್ಕುಗಳು, ಟಿಆರ್‌ಎಕ್ಸ್-4, ಆಕ್ಸಿಯಲ್ ಎಸ್‌ಸಿಎಕ್ಸ್10 ಥರದ ಬಂಡೆ ಹತ್ತುವ ಕ್ರಾಲರ್‌ಗಳು. ಅಳತೆ ಬೇರೆಯಾದರೂ ವಿಷಯ ಹೆಚ್ಚೇನೂ ಬದಲಾಗುವುದಿಲ್ಲ. ಪೆಟ್ರೋಲ್, ನೈಟ್ರೋ ಗಾಡಿಗಳ ಎಂಜಿನ್ ವಿಷಯ ಇಲ್ಲಿಲ್ಲ.

'ವಾಟರ್‌ಪ್ರೂಫ್' ಅಂದರೆ ಯಾವುದಕ್ಕೆ?

ಪೆಟ್ಟಿಗೆ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದ್ದರೆ ಅದು ಎಲೆಕ್ಟ್ರಾನಿಕ್ಸ್‌ಗೆ ಮಾತ್ರ. ಅಂದರೆ ಸ್ಪೀಡ್ ಕಂಟ್ರೋಲರ್ (ಎಲ್ಲರೂ ಇಎಸ್‌ಸಿ ಅನ್ನೋದು ಇದನ್ನೇ), ಸ್ಟೀರಿಂಗ್ ತಿರುಗಿಸುವ ಸರ್ವೋ, ರಿಮೋಟಿನ ಸಂಕೇತ ಹಿಡಿಯುವ, ಮುಚ್ಚಿದ ಡಬ್ಬಿಯೊಳಗಿನ ರಿಸೀವರ್. ಬೇರಿಂಗ್ ವಾಟರ್‌ಪ್ರೂಫ್ ಅಲ್ಲ. ಮೋಟಾರ್ ನೀರಲ್ಲಿ ತಿರುಗುತ್ತದೆ ನಿಜ, ಆದರೆ ಬ್ರಷ್ ಇರುವ ಮೋಟಾರಿನಲ್ಲಿ ಕೆಸರು ನೀರು ಹೊಕ್ಕರೆ ಕಾರ್ಬನ್ ಬ್ರಷ್ಷೂ ಅದು ಉಜ್ಜುವ ತಾಮ್ರದ ಕಮ್ಯುಟೇಟರೂ ಬೇಗ ಸವೆಯುತ್ತವೆ. ಇನ್ನು ಉಪ್ಪುನೀರು ಬೇರೆಯದೇ ಕಥೆ. ಮಲ್ಪೆ, ಗೋಕರ್ಣ, ಕಾರವಾರದ ಕಡಲ ತೀರದಲ್ಲಿ ಓಡಿಸಿದರೆ ನೋಡೋದು, ಹುಡುಕೋದು ಎಲ್ಲ ಆಮೇಲೆ. ಬ್ಯಾಟರಿ ತೆಗೆದು ತಕ್ಷಣ ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ. ಈ ಬರಹದ ಕ್ರಮ ಮುರಿಯಬೇಕಾದ್ದು ಅಲ್ಲಿ ಮಾತ್ರ. ಉಪ್ಪು ಒಣಗಿದ ಮೇಲೆ ಸ್ಕ್ರೂ ತಲೆ, ಬೇರಿಂಗ್, ವೈರಿನ ಕನೆಕ್ಟರ್ ಯಾವುದನ್ನೂ ಬಿಡುವುದಿಲ್ಲ.

ಮೊದಲ ಕೆಲಸ: ಬ್ಯಾಟರಿ

ಟ್ರಕ್ ಸ್ವಿಚ್ ಮೊದಲು ಆಫ್, ರಿಮೋಟ್ ಆಮೇಲೆ. ಆನ್ ಮಾಡುವಾಗ ಉಲ್ಟಾ: ರಿಮೋಟ್ ಮೊದಲು. ಬ್ಯಾಟರಿ ತೆಗೆದು ಒರೆಸಿ, ನೆರಳಲ್ಲಿ ಇಡಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಆದರೆ ಬೆರಳಿಂದ ಒತ್ತಿ ನೋಡಿ. ಉಬ್ಬಿದ್ದರೆ, ಮೂಲೆ ಜಜ್ಜಿಹೋಗಿದ್ದರೆ ಅದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ಕನೆಕ್ಟರ್ ಒಳಗೆ ಮಣ್ಣು ಇದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಹಸಿರು ಪಾಚಿ ಥರ ಕೂತಿದ್ದರೆ ಅದು ತಾಮ್ರಕ್ಕೆ ಹಿಡಿದ ಕಿಲುಬು. ಅಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಕನೆಕ್ಟರ್ ಬಿಸಿಯಾಗುತ್ತದೆ. ಗಾಡಿಗೆ ಶಕ್ತಿ ಇಲ್ಲ ಅನ್ನೋ ದೂರಿಗೆ ಇದೊಂದೇ ಕಾರಣ ಆಗಿರಬಹುದು. ಸಂಶಯ ಬಂದರೆ ಬೇರೆ ಬ್ಯಾಟರಿ ಹಾಕಿ ನೋಡಿ, ಒಂದು ನಿಮಿಷದ ಕೆಲಸ.

ಯಾವ ಮಣ್ಣು ಅಂತ ನೋಡಿ

ನಮ್ಮಲ್ಲಿ ಇದು ಮುಖ್ಯ. ಸಕಲೇಶಪುರ, ಮಡಿಕೇರಿ ಕಡೆಯ ಕೆಂಪು ಮಣ್ಣೂ ಧಾರವಾಡ, ಗದಗ ಕಡೆಯ ಎರೆ ಮಣ್ಣೂ ಒಂದೇ ಥರ ವರ್ತಿಸುವುದಿಲ್ಲ.

ಕೆಂಪು ಮಣ್ಣು ಒಣಗಿದರೆ ಪುಡಿಯಾಗುತ್ತದೆ. ಟ್ರಕ್ಕನ್ನು ಹಾಗೇ ನೆರಳಲ್ಲಿ ಒಣಗಲು ಬಿಟ್ಟು, ಮಾರನೇ ದಿನ ಎರಡಿಂಚಿನ ಪೇಂಟ್ ಬ್ರಷ್ ಆಡಿಸಿದರೆ ಮುಕ್ಕಾಲು ಪಾಲು ಉದುರಿಹೋಗುತ್ತದೆ. ಬಿಳಿ ಬಣ್ಣದ ಬಾಡಿ ಇದ್ದರೆ ಮಾತ್ರ ಅದನ್ನು ಅವತ್ತೇ ತೊಳೆಯೋದು ಒಳ್ಳೇದು, ಕೆಂಪು ಕಲೆ ಉಳಿದುಬಿಡುತ್ತದೆ. ಮರಳು ಮಿಶ್ರ ಮಣ್ಣಾದರೆ ನೋಡೋಕೆ ಸ್ವಚ್ಛ ಅನ್ನಿಸುತ್ತದೆ, ಆದರೆ ಬೇರಿಂಗ್‌ಗೂ ಶಾಕ್ ಸೀಲ್‌ಗೂ ಜಾಸ್ತಿ ಹಾನಿ ಮಾಡೋದು ಅದೇ.

ಎರೆ ಮಣ್ಣು ಹಾಗಲ್ಲ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಗಟ್ಟಿಯಾಗುತ್ತದೆ. ಟೈರ್ ಮೇಲೆ, ಬಾಡಿ ಮೇಲೆ ಒಣಗಿದರೆ ತೊಂದರೆ ಇಲ್ಲ, ರಬ್ಬರ್ ಮಡಚಿದರೆ ಹೆಕ್ಕಳಿಕೆ ಎದ್ದು ಬರುತ್ತದೆ. ಆದರೆ ಡ್ರೈವ್‌ಶಾಫ್ಟ್ ಸಂದಿ, ಸ್ಟೀರಿಂಗ್ ಕೀಲು, ಶಾಕ್ ಕಡ್ಡಿ ಇಲ್ಲೆಲ್ಲ ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿ. ಆ ಸ್ಥಿತಿಯಲ್ಲಿ ಸ್ವಿಚ್ ಹಾಕಿ ಸ್ಟೀರಿಂಗ್ ತಿರುಗಿಸಿದರೆ ಸರ್ವೋ ಒಳಗಿನ ಹಲ್ಲು ಮುರಿಯಬಹುದು. ಅದಕ್ಕೇ ಎರೆ ಹೊಲದಿಂದ ಬಂದ ಗಾಡಿಯ ಕೀಲುಗಳನ್ನು ಮಾತ್ರ ಹಸಿ ಇರುವಾಗಲೇ ಕಡ್ಡಿಯಿಂದ, ಬಟ್ಟೆಯಿಂದ ಬಿಡಿಸಿ. ಉಳಿದದ್ದು ಒಣಗಲಿ.

ಮಣ್ಣು ಬಿಡಿಸುವ, ಒಣಗಲು ಬಿಡುವ ಮುಂಚೆಯೇ ಫೋನಿನಲ್ಲಿ ಕೆಳಗಿನಿಂದ, ಹಿಂದಿನಿಂದ, ಒಂದೊಂದು ಚಕ್ರದ ಒಳಬದಿಯಿಂದ ಫೋಟೋ ತೆಗೆದುಕೊಳ್ಳಿ. ಮೂರು ಗುರುತು ಹುಡುಕಿ. ಒಂದು, ಮಣ್ಣು ತೇದುಹೋಗಿ ಹೊಳೆಯುವ ಜಾಗ: ಅಲ್ಲಿ ಏನೋ ಉಜ್ಜುತ್ತಿದೆ. ಇನ್ನೊಂದು, ಎಣ್ಣೆ ಸೇರಿ ಕಪ್ಪಗೆ ಮೆತ್ತಿಕೊಂಡ ಮಣ್ಣು: ಅಲ್ಲಿ ಶಾಕ್ ಅಥವಾ ಡಿಫ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಸೋರುತ್ತಿದೆ. ಮತ್ತೊಂದು, ಸುತ್ತಲೂ ಹಸಿ ಇದ್ದು ಅಲ್ಲಿ ಮಾತ್ರ ಒಣಗಿದ ಪಟ್ಟಿ: ಅಲ್ಲಿ ಬಿಸಿಯಾಗಿತ್ತು. ಮೋಟಾರ್ ಮೈ ಮೇಲೆ ಒಣಗಿದ್ದರೆ ಸಹಜ. ಒಂದು ಚಕ್ರದ ಹಬ್ (ಚಕ್ರದ ಹಿಂದೆ ಬೇರಿಂಗ್ ಕೂರುವ ಭಾಗ) ಮಾತ್ರ ಒಣಗಿದ್ದರೆ ಆ ಬೇರಿಂಗ್ ಹೋಗಿದೆ ಅಂತ ಬಹುತೇಕ ಹೇಳಬಹುದು.

ನಿಧಾನ ಆಗಿದೆ, ಮೋಟಾರ್ ಸುಡುತ್ತಿದೆ

ಎಲ್ಲಕ್ಕಿಂತ ಹೆಚ್ಚು ಬರುವ ದೋಷ ಇದು. ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಯಾಕಂದರೆ ಜನ ಇಲ್ಲಿ ಸೀದಾ ಹೊಸ ಮೋಟಾರ್ ಕೊಂಡುಬಿಡುತ್ತಾರೆ. ಹೊಸದೂ ಸುಡುತ್ತದೆ.

ಮೋಟಾರ್ ಮೇಲೆ ಬೆರಳು ಇಟ್ಟು ಮೂರು ಎಣಿಸುವಷ್ಟು ಹೊತ್ತು ಹಿಡಿಯಲು ಆಗದಿದ್ದರೆ ಬಿಸಿ ಜಾಸ್ತಿ ಅಂತಲೇ ಲೆಕ್ಕ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೇದು. 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಓಡಿಸೋದು ನಿಲ್ಲಿಸಿ. ಬಿಸಿ ಅಂದರೆ ಮೋಟಾರ್ ಏನನ್ನೋ ಕಷ್ಟಪಟ್ಟು ತಿರುಗಿಸುತ್ತಿದೆ. ಏನನ್ನು ಅಂತ ಹುಡುಕಬೇಕು.

ಟ್ರಕ್ಕನ್ನು ಒಂದು ಡಬ್ಬದ ಮೇಲೆ ಕೂರಿಸಿ, ಚಕ್ರಗಳು ಗಾಳಿಯಲ್ಲಿ ಇರಲಿ. ಹಿಂದೆ ಮಾತ್ರ ಎಳೆಯುವ ಗಾಡಿಯಾದರೆ ಮುಂದಿನ ಚಕ್ರಗಳಿಗೆ ಯಾವ ಗೇರೂ ಇಲ್ಲ. ಬೆರಳಲ್ಲಿ ಒಂದು ಸಲ ತಳ್ಳಿದರೆ ಅವು ಸುಮಾರು ಹೊತ್ತು ತಿರುಗಬೇಕು. ತಟ್ಟನೆ ನಿಂತರೆ ಅಲ್ಲೇ ಸಿಕ್ಕಿತು. ಹಿಂದಿನ ಚಕ್ರದಲ್ಲಿ ಒಂದನ್ನು ಹಿಡಿದು ತಿರುಗಿಸಿ. ಡಿಫ್ ಸರಿ ಇದ್ದರೆ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ. ಒಂದು ಕಡೆ ಮಾತ್ರ ಬಿಗಿ ಅನ್ನಿಸಿದರೆ ಆ ಕಡೆಯ ಹಬ್ ನೋಡಿ. ಎರಡೂ ಕಡೆ ಬಿಗಿಯಾದರೆ ಗೇರ್‌ಬಾಕ್ಸ್ ಕಡೆ ಹೋಗಬೇಕು. ಹೆಚ್ಚಿನ ಕ್ರಾಲರ್‌ಗಳಲ್ಲಿ ಡಿಫ್ ಲಾಕ್ ಆಗಿರುತ್ತದೆ, ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಚಕ್ರ ಬಿಚ್ಚಿಯೇ ನೋಡಬೇಕು.

ನಮ್ಮ ಬೀದಿಯ ಹುಡುಗನೊಬ್ಬ ಗದ್ದೆ ಬದುವಿನ ಮೇಲೆ ಓಡಿಸಿ ತಂದಿದ್ದ. "ಅಂಕಲ್, ಮೋಟಾರ್ ಹೋಯ್ತು ಅನ್ಸುತ್ತೆ, ಎಳೀತಾನೇ ಇಲ್ಲ" ಅಂದ. ಮೋಟಾರ್ ಮುಟ್ಟುವ ಮೊದಲು ಹಿಂದಿನ ಎಡ ಚಕ್ರ ಬಿಚ್ಚಿದೆವು. ಎಂ4 ನಟ್, 7 ಮಿ.ಮೀ. ಸ್ಪ್ಯಾನರ್. ಚಕ್ರ ಕೈಗೆ ಬಂದ ಮೇಲೆ ಒಳಗೆ 12 ಮಿ.ಮೀ. ಅಗಲದ ಆರು ಮೂಲೆಯ ಹೆಕ್ಸ್ ಕಾಣುತ್ತದೆ. ಅದನ್ನು ಎಳೆದಾಗ ಅಚ್ಚಿನಲ್ಲಿ ಅಡ್ಡ ಚುಚ್ಚಿದ ಸಣ್ಣ ಪಿನ್ ಜಾರಿ ಬೀಳುತ್ತದೆ, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡಿರಿ. ಹೆಕ್ಸ್ ಹಿಂದೆ, ಬೇರಿಂಗ್ ಮುಖಕ್ಕೆ ಒತ್ತಿಕೊಂಡು, ಒಂದು ಕಂದು ಉಂಗುರ ಇತ್ತು. ನೋಡಿದರೆ ಅದೂ ಒಂದು ಬಿಡಿಭಾಗ ಅನ್ನಬೇಕು, ಅಷ್ಟು ನುಣುಪು. ಸೂಜಿಯಿಂದ ಎಬ್ಬಿಸಿದಾಗ ಗೊತ್ತಾಯಿತು: ಭತ್ತದ ಹುಲ್ಲಿನ ಎಳೆ, ಸುತ್ತಿ ಸುತ್ತಿ, ಮಣ್ಣು ಸೇರಿ ಗಟ್ಟಿಯಾಗಿದೆ. ಬಿಚ್ಚಿದರೆ ಒಂದು ಮೊಳದಷ್ಟಾಯಿತು. ಅದನ್ನು ತೆಗೆದ ಮೇಲೆ ಚಕ್ರ ತಾನಾಗೇ ತಿರುಗತೊಡಗಿತು. ಮೋಟಾರಿಗೆ ಏನೂ ಆಗಿರಲಿಲ್ಲ.

ಹುಲ್ಲು, ತೆಂಗಿನ ನಾರು, ಕೂದಲು, ಗಾಳಿಪಟದ ದಾರ: ಅಚ್ಚಿಗೆ ಸುತ್ತಿಕೊಳ್ಳುವ ಯಾವುದೂ ಹೊರಗಿನಿಂದ ಕಾಣುವುದಿಲ್ಲ. ನೀರು ಹಾಕಿದರೆ ಹೋಗುವುದೂ ಇಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಹುಲ್ಲಿನ ಜಾಗದಿಂದ ಬಂದಾಗಲೆಲ್ಲ ನಾಲ್ಕೂ ಚಕ್ರ ಬಿಚ್ಚಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಹಬ್‌ಗಳೆಲ್ಲ ಸಲೀಸು, ಆದರೂ ಬಿಗಿ ಇದೆ ಅಂದರೆ ಮೋಟಾರನ್ನು ಗೇರ್‌ನಿಂದ ಬೇರೆ ಮಾಡಿ. ಸ್ಪರ್ ಗೇರ್ (ಮೋಟಾರ್ ತಿರುಗಿಸುವ ದೊಡ್ಡ ಗೇರ್) ಮುಚ್ಚಳ ತೆಗೆಯಿರಿ, ಮೋಟಾರಿನ ಎರಡು ಸ್ಕ್ರೂ ಸಡಿಲಿಸಿ ಹಿಂದಕ್ಕೆ ಸರಿಸಿ. ಈಗ ಪಿನಿಯನ್ (ಮೋಟಾರ್ ತುದಿಯ ಸಣ್ಣ ಗೇರ್) ಬೆರಳಲ್ಲಿ ತಿರುಗಿಸಿ. ಮೋಟಾರ್ ಒಳಗಿನ ಅಯಸ್ಕಾಂತದಿಂದ ಸಣ್ಣ ಸಣ್ಣ ತಡೆ ಸಿಗುತ್ತದೆ, ಅದು ಸರಿ. ಮರಳು ಅರೆದ ಹಾಗೆ ಅನ್ನಿಸಿದರೆ ಮೋಟಾರ್ ಬುಷ್ ಅಥವಾ ಬೇರಿಂಗ್‌ಗೆ ಮಣ್ಣು ಹೋಗಿದೆ. ಆಮೇಲೆ ಸ್ಪರ್ ಗೇರ್ ತಿರುಗಿಸಿ. ಅದು ಬಿಗಿಯಾಗಿದ್ದರೆ ದೋಷ ಗೇರ್‌ಬಾಕ್ಸಿನದ್ದು. ಹೀಗೆ ಎರಡು ಭಾಗ ಮಾಡಿ ನೋಡಿದರೆ ಊಹೆಗೆ ಜಾಗವೇ ಇರುವುದಿಲ್ಲ.

ಮೋಟಾರ್ ವಾಪಸ್ ಕೂರಿಸುವಾಗ ಹಲ್ಲುಗಳ ಮಧ್ಯೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಒತ್ತಿ ಸ್ಕ್ರೂ ಬಿಗಿ ಮಾಡಿ. ಗೇರ್ ತಿರುಗಿಸಿ ಹಾಳೆ ಹೊರಗೆ ತೆಗೆಯಿರಿ. ಹಾಳೆ ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಹರಿದಿದ್ದರೆ ಹಲ್ಲು ತೀರಾ ಹತ್ತಿರ ಇದೆ. ಮೋಟಾರ್ ಸುಡೋಕೆ ಅದೂ ಒಂದು ಕಾರಣ.

ಸದ್ದನ್ನು ಕೇಳಿ

ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಬಂದು, ವೇಗದ ಜೊತೆ ಜಾಸ್ತಿಯಾದರೆ ಗೇರಿನ ಹಲ್ಲಲ್ಲಿ ಕಲ್ಲು ಸಿಕ್ಕಿದೆ, ಇಲ್ಲ ಹಲ್ಲು ಮುರಿದಿದೆ. ಪಿನಿಯನ್ ಉಕ್ಕಿನದ್ದು, ಸ್ಪರ್ ಗೇರ್ ಹೆಚ್ಚಿನ ಗಾಡಿಗಳಲ್ಲಿ ಪ್ಲಾಸ್ಟಿಕ್‌ದು. ಸಾಸಿವೆ ಗಾತ್ರದ ಕಲ್ಲು ಪಿನಿಯನ್ ಹಲ್ಲಿನ ಬುಡದಲ್ಲಿ ಸಿಕ್ಕಿಕೊಂಡರೆ ಪ್ರತಿ ಸುತ್ತಿಗೂ ಸ್ಪರ್ ಗೇರ್ ಕಚ್ಚುತ್ತದೆ. ಟಾರ್ಚ್ ಹಾಕಿ ಒಂದೊಂದೇ ಹಲ್ಲು ನೋಡಿ, ಸೂಜಿಯಿಂದ ಎಬ್ಬಿಸಿ. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಪುಡಿ ಬಿದ್ದಿದ್ದರೆ ಗೇರ್ ಬದಲಿಸಬೇಕು.

ಗರಗರ ಸದ್ದು ಬೇರಿಂಗಿನದ್ದು. ಕೀಂ ಅಂತ ಮೋಟಾರ್ ಕಿರುಚಿ ಚಕ್ರ ಮಾತ್ರ ತಿರುಗದಿದ್ದರೆ ಸ್ಲಿಪರ್ ಕ್ಲಚ್ (ಜೋರು ಹೊಡೆತ ಬಿದ್ದಾಗ ಜಾರಿ ಗೇರ್ ಕಾಪಾಡುವ ಭಾಗ) ಸುಮ್ಮನೆ ಜಾರುತ್ತಿದೆ. ಪ್ಯಾಡ್ ಮೇಲೆ ಕೆಸರು ನೀರೋ ಎಣ್ಣೆಯೋ ಬಿದ್ದಿರುತ್ತದೆ. ಮೊದಲು ಬಿಚ್ಚಿ ಒರೆಸಿ ಒಣಗಿಸಿ ನೋಡಿ. ಹಸಿ ಇರುವಾಗಲೇ ನಟ್ ಬಿಗಿ ಮಾಡಿಬಿಟ್ಟರೆ ಒಣಗಿದ ಮೇಲೆ ಕ್ಲಚ್ ಜಾರೋದೇ ಇಲ್ಲ. ಎಲ್ಲ ಹೊಡೆತ ಗೇರ್ ಹಲ್ಲಿಗೆ ಬೀಳುತ್ತದೆ.

ಸ್ಟೀರಿಂಗ್ ನಡುವಿಗೆ ಬರುತ್ತಿಲ್ಲ, ನಡುಗುತ್ತಿದೆ

ಇದು ಎರಡು ಬೇರೆ ಬೇರೆ ದೋಷ. ಬೆರೆಸಬೇಡಿ.

ತಿರುಗಿಸಿ ಬಿಟ್ಟಾಗ ನಡುವಿಗೆ ವಾಪಸ್ ಬರದೆ ಸ್ವಲ್ಪ ಓರೆಯಾಗಿ ನಿಂತರೆ ಕೀಲುಗಳಲ್ಲಿ ಮಣ್ಣಿದೆ. ಸರ್ವೋ ತೋಳಿಗೆ ಜೋಡಿಸಿದ ಕಡ್ಡಿಯನ್ನು ಬಿಚ್ಚಿ. ಚಕ್ರಗಳನ್ನು ಕೈಯಿಂದ ಎಡ ಬಲ ಮಾಡಿ. ಒಂದೇ ಬೆರಳಿನ ಬಲಕ್ಕೆ ಹೋಗಬೇಕು. ತಡೆ ಸಿಕ್ಕರೆ ಚಾಸಿ ನಡುವಿನ ಬೆಲ್‌ಕ್ರ್ಯಾಂಕ್ (ಸರ್ವೋ ಚಲನೆಯನ್ನು ಚಕ್ರಕ್ಕೆ ದಾಟಿಸುವ ತೋಳು) ಬುಡ ನೋಡಿ, ಮಣ್ಣು ಅಲ್ಲೇ ಹೆಚ್ಚು ಕೂರೋದು. ಆ ಸಂದಿಗೆ ಹಳೇ ಟೂತ್‌ಬ್ರಷ್ ಸಾಕು. ರಿಮೋಟಿನ ಟ್ರಿಮ್ (ಸ್ಟೀರಿಂಗಿನ ನಡು ಹೊಂದಿಸುವ ಗುಂಡಿ) ತಿರುಗಿಸಿ ನೇರ ಮಾಡಿಕೊಂಡು ಓಡಿಸುವವರು ತುಂಬ ಜನ. ಅದು ದೋಷವನ್ನು ಮುಚ್ಚಿಡುತ್ತದೆ ಅಷ್ಟೇ. ಸರ್ವೋ ಇಡೀ ಹೊತ್ತು ಒತ್ತಡದಲ್ಲೇ ಇದ್ದು ಬೇಗ ಸುಟ್ಟುಹೋಗುತ್ತದೆ.

ಕಡ್ಡಿ ಬಿಚ್ಚಿದ ಮೇಲೂ ಸರ್ವೋ ಗುಂಯ್‌ಗುಡುತ್ತಿದ್ದರೆ, ತೋಳು ಒಂದು ಜಾಗದಲ್ಲಿ ಹಾರಿಹೋಗುತ್ತಿದ್ದರೆ ಒಳಗಿನ ಹಲ್ಲು ಅಥವಾ ಸರ್ವೋನೇ ಹೋಗಿದೆ. ಸ್ವಚ್ಛ ಮಾಡಿ ಪ್ರಯೋಜನ ಇಲ್ಲ.

ನಡುಕ ಬೇರೆ. ಸ್ಟೀರಿಂಗ್ ಜೊತೆ ಮೋಟಾರೂ ತಡವರಿಸಿದರೆ, ಸ್ವಲ್ಪ ದೂರ ಹೋದ ತಕ್ಷಣ ರಿಮೋಟ್ ಮಾತು ಕೇಳದಿದ್ದರೆ, ರಿಸೀವರ್ ಡಬ್ಬಿ ತೆಗೆಯಿರಿ. ಮೊದಲು ಹೊರಗಿನಿಂದ ಪೂರ್ತಿ ಒರೆಸಿ, ಇಲ್ಲದಿದ್ದರೆ ತೆಗೆಯುವಾಗಲೇ ಮಣ್ಣು ಒಳಗೆ ಬೀಳುತ್ತದೆ. ಮುಚ್ಚಳದ ಒಳಬದಿಯಲ್ಲಿ ಹನಿ ಇದೆಯಾ, ರಬ್ಬರ್ ವಾಷರ್ ಮೇಲೆ ಒಂದು ಕೂದಲೋ ಹುಲ್ಲೆಳೆಯೋ ಅಡ್ಡ ಬಿದ್ದಿದೆಯಾ ನೋಡಿ. ಅಷ್ಟು ಸಣ್ಣ ಎಳೆಯ ಪಕ್ಕದಿಂದಲೇ ನೀರು ಹೋಗುತ್ತದೆ. ವೈರ್ ಹೊರಬರುವ ಕಡೆ ಸಿಲಿಕಾನ್ ಗ್ರೀಸ್ ಹಚ್ಚಿರುತ್ತಾರೆ. ಅದು ಒಣಗಿದ್ದರೆ, ತೊಳೆದುಹೋಗಿದ್ದರೆ ಮತ್ತೆ ಹಚ್ಚಬೇಕು. ಆಂಟೆನಾ ವೈರ್ ಕತ್ತರಿಸಿಲ್ಲ, ಮಡಚಿಲ್ಲ ಅಂತಲೂ ಖಚಿತ ಮಾಡಿಕೊಳ್ಳಿ.

ಒದ್ದೆಯಾದ ರಿಸೀವರನ್ನು ಫ್ಯಾನ್ ಕೆಳಗೆ ಒಂದು ರಾತ್ರಿ ಇಡಿ. ಹೇರ್ ಡ್ರೈಯರಿನ ಬಿಸಿ ಗಾಳಿ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡೋದೂ ಬೇಡ, ಹಿಟ್ಟು ಹೋಗಿ ಸಾಕೆಟ್‌ನಲ್ಲಿ ಕೂರುತ್ತದೆ. ಬೀಸುವ ಗಾಳಿಯೇ ಸಾಕು. ಒಣಗುವ ತನಕ ಬ್ಯಾಟರಿ ಜೋಡಿಸಬೇಡಿ. ಒದ್ದೆ ಸರ್ಕ್ಯೂಟಿಗೆ ಕರೆಂಟ್ ಕೊಟ್ಟಾಗಲೇ ಅದು ನಿಜವಾಗಿ ಸಾಯೋದು.

ಹೊರಡುವಾಗ ಜರ್ಕ್ ಹೊಡೆಯುತ್ತಿದೆ

ಬ್ರಷ್‌ಲೆಸ್ ಮೋಟಾರ್ ಆದರೆ ಮೂರು ವೈರಿನ ಬುಲೆಟ್ ಕನೆಕ್ಟರ್ ನೋಡಿ. ಒಂದು ಸಡಿಲ ಆದರೂ ಮೋಟಾರ್ ನಡುಗುತ್ತದೆ, ತಿರುಗುವುದಿಲ್ಲ. ಬಿಚ್ಚಿ, ಮಣ್ಣು ಒರೆಸಿ, ಪೂರ್ತಿ ಒಳಗೆ ತಳ್ಳಿ. ಸೆನ್ಸರ್ ಇರುವ ಮೋಟಾರ್ ಆದರೆ ಸಣ್ಣ ಸೆನ್ಸರ್ ಕೇಬಲ್ಲಿನ ಸಾಕೆಟ್ಟೂ ಒಣಗಿರಬೇಕು. ಬ್ರಷ್ ಮೋಟಾರ್ ಆದರೆ ಕಿಂಡಿಯಿಂದ ಒಳಗೆ ನೋಡಿ. ಕಮ್ಯುಟೇಟರ್ ತಾಮ್ರದ ಬಣ್ಣದಲ್ಲಿ ಇರಬೇಕು. ಮಣ್ಣು ಮೆತ್ತಿ ಕಪ್ಪಾಗಿದ್ದರೆ ಮೋಟಾರ್ ಬಿಚ್ಚಿ ಹೊರಗೆ ತೆಗೆದು, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ಪೂರ್ತಿ ಆರಿದ ಮೇಲೆ ಎರಡೂ ತುದಿಯ ಬುಷ್‌ಗೆ ಒಂದೊಂದು ಹನಿ ಎಣ್ಣೆ ಬಿಡಿ. ಎಣ್ಣೆ ಕಮ್ಯುಟೇಟರ್ ಮೇಲೆ ಬೀಳದಿರಲಿ.

ಚೆನ್ನಾಗಿ ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ನಿಂತು, ಐದು ಹತ್ತು ನಿಮಿಷ ಬಿಟ್ಟು ಮತ್ತೆ ಓಡಿದರೆ ಇಎಸ್‌ಸಿ ಬಿಸಿಯಾಗಿ ತಾನೇ ನಿಲ್ಲಿಸಿದೆ. ಅದರ ಮೇಲಿನ ಪುಟ್ಟ ಫ್ಯಾನಿನ ರೆಕ್ಕೆ ಕೆಸರಲ್ಲಿ ಹೂತಿರುತ್ತದೆ, ಇಲ್ಲವೇ ಹೀಟ್‌ಸಿಂಕಿನ ಸಂದಿ ಮುಚ್ಚಿರುತ್ತದೆ. ಹಲ್ಲುಕಡ್ಡಿಯಿಂದ ಒಂದೊಂದೇ ಸಂದಿ ಬಿಡಿಸಿ.

ಗಾಡಿ ಭಾರ ಅನ್ನಿಸುತ್ತಿದೆ, ಕುಣಿಯುತ್ತಿದೆ

ಚಕ್ರವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಕುಳುಕುಳು ಅಂದರೆ ಟೈರ್ ಒಳಗೆ ನೀರು. ಒಳಗಿನ ಫೋಮ್ ನೀರು ಹೀರಿಕೊಂಡಿರುತ್ತದೆ. ರಿಮ್ಮಿನ ಗಾಳಿ ತೂತನ್ನು ಕೆಳಗೆ ಮಾಡಿ ಟೈರ್ ಹಿಂಡಿ, ಹಾಗೇ ನಿಲ್ಲಿಸಿಡಿ, ಪೂರ್ತಿ ಒಣಗೋಕೆ ದಿನಗಟ್ಟಲೆ ಬೇಕು. ಪದೇ ಪದೇ ಕೆಸರಿಗೆ ಇಳಿಸುವವರು ರಿಮ್ಮಿನ ತೂತನ್ನು ಟೇಪ್‌ನಿಂದ ಮುಚ್ಚಿ, ಟೈರಿನ ಓಡುವ ಮುಖದ ಮೇಲೆ ಎದುರುಬದುರು ಎರಡು ಸಣ್ಣ ತೂತು ಮಾಡಿಕೊಳ್ಳಬಹುದು. ಚಕ್ರ ತಿರುಗಿದಾಗ ನೀರು ತಾನೇ ಸಿಡಿದು ಹೊರಗೆ ಹೋಗುತ್ತದೆ.

ಶಾಕ್ ನಾಲ್ಕನ್ನೂ ಒಂದೊಂದಾಗಿ ಒತ್ತಿ ಬಿಡಿ. ಎಡದ್ದೂ ಬಲದ್ದೂ ಒಂದೇ ವೇಗದಲ್ಲಿ ಮೇಲೆ ಬರಬೇಕು. ಒಂದು ಟಪ್ ಅಂತ ಹಾರಿದರೆ ಅದರ ಎಣ್ಣೆ ಸೋರಿದೆ. ಆ ಶಾಕಿನ ಕೆಳಮುಚ್ಚಳದ ಹತ್ತಿರ ಕಪ್ಪು ಮಣ್ಣು ಮೆತ್ತಿರೋದು ನೀವು ತೆಗೆದ ಫೋಟೋದಲ್ಲೂ ಕಾಣುತ್ತದೆ. ಕಡ್ಡಿಯ ಮೇಲೆ ಉದ್ದುದ್ದ ಗೀರು ಇದ್ದರೆ ಬರೀ ಓ-ರಿಂಗ್ ಬದಲಿಸಿ ಉಪಯೋಗ ಇಲ್ಲ, ಕಡ್ಡಿಯೂ ಬೇಕು.

ಈಗ ತೊಳೆಯಿರಿ

ಬಾಡಿ ಬೇರೆ, ಚಾಸಿ ಬೇರೆ. ಪಾಲಿಕಾರ್ಬೊನೇಟ್ ಬಾಡಿಗೆ ಬಣ್ಣ ಒಳಬದಿಯಿಂದ ಹೊಡೆದಿರುತ್ತಾರೆ. ಹೊರಗಿನಿಂದ ಪಾತ್ರೆ ತೊಳೆಯುವ ಲಿಕ್ವಿಡ್ಡು, ನೀರು, ಮೆತ್ತನೆಯ ಬಟ್ಟೆ ಸಾಕು. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ, ಬಾಡಿ ಮಬ್ಬಾಗಿ ಬಿರುಕು ಬಿಡುತ್ತದೆ. ಒಣ ಮಣ್ಣಿನ ಮೇಲೆ ಬಟ್ಟೆ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ನೀರು ಹರಿಸಿ.

ಚಾಸಿಗೆ ಪೈಪ್ ಬೇಡ. ಬೈಕ್ ತೊಳೆಯುವ ಪ್ರೆಷರ್ ಗನ್ ಅಂತೂ ಬೇಡವೇ ಬೇಡ. ಗಿಡಕ್ಕೆ ಸಿಂಪಡಿಸುವ ಸ್ಪ್ರೇ ಬಾಟಲಿಯಲ್ಲಿ ನೀರು, ಎರಡು ಮೂರು ಹನಿ ಲಿಕ್ವಿಡ್. ಒಣ ಬ್ರಷ್‌ನಿಂದ ಉದುರಿಸಬಹುದಾದ್ದೆಲ್ಲ ಉದುರಿದ ಮೇಲೆಯೇ ನೀರು. ಗಾಡಿಯನ್ನು ಮೂಗು ಕೆಳಗೆ ಮಾಡಿ ಹಿಡಿದು ಮೇಲಿಂದ ಕೆಳಕ್ಕೆ ಸಿಂಪಡಿಸಿ, ಬ್ರಷ್ ಆಡಿಸಿ, ಒರೆಸಿ. ಮೋಟಾರ್ ಕಿಂಡಿ, ಬೇರಿಂಗ್ ಮುಖ, ಇಎಸ್‌ಸಿ ಸ್ವಿಚ್ ಇವುಗಳಿಗೆ ನೇರವಾಗಿ ಹೊಡೆಯಬೇಡಿ.

ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಒಣಗಿಸೋಕೆ ಒಳ್ಳೇದು. ಆದರೆ ಬೇರಿಂಗನ್ನು ಗಾಳಿಯಿಂದ ಜುಯ್ ಅಂತ ತಿರುಗಿಸಬಾರದು. ಎಣ್ಣೆ ಇಲ್ಲದೆ ಅಷ್ಟು ವೇಗದಲ್ಲಿ ತಿರುಗಿದರೆ ಒಳಗಿನ ಗುಂಡುಗಳು ಗೀರಿಹೋಗುತ್ತವೆ.

ಡಬ್ಲ್ಯೂಡಿ-40 ಬಗ್ಗೆ ವಾದ ನಡೆಯುತ್ತಲೇ ಇರುತ್ತದೆ. ಹೆಸರಿನ ಮೊದಲೆರಡು ಅಕ್ಷರವೇ ನೀರನ್ನು ಹೊರಗೆ ಅಟ್ಟುವುದು ಅನ್ನೋದಕ್ಕೆ. ಸ್ಕ್ರೂ, ಡ್ರೈವ್‌ಶಾಫ್ಟ್ ಕೀಲಿನಿಂದ ನೀರು ಹೊರಡಿಸೋಕೆ ಬಳಸಿ, ಒರೆಸಿ. ಅದನ್ನೇ ಬೇರಿಂಗಿಗೆ ಎಣ್ಣೆ ಅಂತ ಬಿಡಬೇಡಿ, ಹೆಚ್ಚು ದಿನ ನಿಲ್ಲುವುದಿಲ್ಲ. ಸ್ಲಿಪರ್ ಪ್ಯಾಡ್, ಟೈರ್ ಮೇಲೂ ಬೀಳಬಾರದು. ಹೊರಗೆ ತೆರೆದಿರುವ ಗೇರಿಗೆ ಎಣ್ಣೆ, ಗ್ರೀಸ್ ಯಾವುದೂ ಬೇಡ, ಮಣ್ಣು ಹಿಡಿದು ಹಲ್ಲು ತಿನ್ನುತ್ತದೆ.

ಬೇರಿಂಗ್ ಉಳಿಯುತ್ತಾ, ಬಿಸಾಡಬೇಕಾ?

ಸಂಶಯ ಇರುವ ಬೇರಿಂಗ್ ಹೊರಗೆ ತೆಗೆಯಿರಿ. ಹಬ್‌ಗಳಲ್ಲಿ ಹೆಚ್ಚಾಗಿ 5×11×4 ಮಿ.ಮೀ. ಅಳತೆಯದ್ದು ಇರುತ್ತದೆ, ಅಂಗಡಿಯಲ್ಲಿ ಎಂಆರ್115 ಅಂತ ಕೇಳಿ. ಹೊರ ಉಂಗುರ ಎರಡು ಬೆರಳಲ್ಲಿ ಹಿಡಿದು, ಒಳ ಉಂಗುರವನ್ನು ಕಡ್ಡಿಯಿಂದ ತುಂಬ ನಿಧಾನ ತಿರುಗಿಸಿ. ಜೋರಾಗಿ ತಿರುಗಿಸಿದರೆ ಕೆಟ್ಟದ್ದೂ ಚೆನ್ನಾಗೇ ತಿರುಗುತ್ತದೆ. ನಿಧಾನದಲ್ಲಿ ಮಾತ್ರ ಒಂದೊಂದು ಮರಳು ಕಣ ಬೆರಳಿಗೆ ಗೊತ್ತಾಗುತ್ತದೆ. ಎಣ್ಣೆ ಹಾಕಿದ ತಕ್ಷಣ ಸದ್ದು ನಿಂತರೆ ಸರಿಯಾಯಿತು ಅಂತ ನಂಬಬೇಡಿ, ಕಣ ಒಳಗೇ ಇರುತ್ತದೆ.

ರಬ್ಬರ್ ಸೀಲ್ ಇದ್ದರೆ ಸೂಜಿ ತುದಿಯಿಂದ ಒಳ ಅಂಚು ಎತ್ತಿದರೆ ಕಳಚುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಸಣ್ಣ ಡಬ್ಬಿಯಲ್ಲಿ ಹಾಕಿ ಕುಲುಕಿ. ದ್ರವ ಕಂದಾದರೆ ಚೆಲ್ಲಿ ಮತ್ತೆ ಹಾಕಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಒಣಗಿದ ಮೇಲೆ ಮತ್ತೆ ಅದೇ ನಿಧಾನದ ಪರೀಕ್ಷೆ. ಸಲೀಸಾದರೆ ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ, ಸೀಲ್ ವಾಪಸ್. ಇನ್ನೂ ಗರಗರ ಅಂದರೆ ಬಿಸಾಡಿ. ಕೆಟ್ಟ ಬೇರಿಂಗ್ ಉಳಿಸಲು ಹೋಗಿ ಅಚ್ಚು, ಹಬ್ ಎರಡನ್ನೂ ಕಳೆದುಕೊಳ್ಳೋದು ಲೆಕ್ಕಕ್ಕೆ ಬರುವುದಿಲ್ಲ.

ಡಿಫ್ ಅಥವಾ ಅಚ್ಚಿನ ಡಬ್ಬಿ ನೀರೊಳಗೆ ಮುಳುಗಿದ್ದರೆ ಒಂದು ಮುಚ್ಚಳ ಬಿಚ್ಚಿ ಗ್ರೀಸ್ ನೋಡಿ. ಹಾಲು ಬೆರೆತ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರಿದೆ. ಪೂರ್ತಿ ತೆಗೆದು ಹೊಸದು ತುಂಬಿ. ಟಿಆರ್‌ಎಕ್ಸ್-4 ಥರ ಪೋರ್ಟಲ್ ಅಚ್ಚು ಇರುವ ಗಾಡಿಗಳಲ್ಲಿ ಪ್ರತಿ ಚಕ್ರದ ಹಿಂದೆಯೂ ಒಂದು ಗೇರ್ ಡಬ್ಬಿ ಇರುತ್ತದೆ, ನೀರಿಗೆ ಮೊದಲು ಇಳಿಯೋದೇ ಅದು. ಆ ನಾಲ್ಕನ್ನೂ ನೋಡಿ.

ಓಡಿಸಿ ನೋಡುವಾಗ

ಜೋಡಿಸುವಾಗ ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ಮಾತ್ರ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು). ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗೆ ಹಚ್ಚಿದರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಬಾಡಿ ಹಾಕದೆ, ಚಕ್ರ ಗಾಳಿಯಲ್ಲಿ ಇಟ್ಟು ಅರ್ಧ ಥ್ರಾಟಲ್ ಕೊಟ್ಟು ಕೇಳಿ. ಆಮೇಲೆ ಗಟ್ಟಿ ನೆಲದ ಮೇಲೆ ಐದು ನಿಮಿಷ ಓಡಿಸಿ ನಾಲ್ಕು ಹಬ್, ಮೋಟಾರ್, ಇಎಸ್‌ಸಿ, ಬ್ಯಾಟರಿ ಕನೆಕ್ಟರ್ ಎಲ್ಲವನ್ನೂ ಮುಟ್ಟಿ ನೋಡಿ. ನಾಲ್ಕು ಹಬ್ಬೂ ಒಂದೇ ಥರ ತಣ್ಣಗಿರಬೇಕು. ಎಲ್ಲ ಸಲೀಸಾಗಿದ್ದೂ ಮೋಟಾರ್ ಮಾತ್ರ ಸುಡುತ್ತಿದ್ದರೆ ಆಗ ಮೋಟಾರ್ ಬದಲಿಸುವ ಮಾತು. ರಿಪೇರಿಯವರ ಹತ್ತಿರ ಒಯ್ದರೆ ಮೊದಲೇ ತೆಗೆದ ಆ ಕೆಸರಿನ ಫೋಟೋಗಳನ್ನು ಅವರಿಗೆ ತೋರಿಸಿ.

ಮತ್ತೆ ಕೆಲವು ದಿನ ಓಡಿಸುವುದಿಲ್ಲ ಅಂದರೆ ಲಿಪೋ ಬ್ಯಾಟರಿಯನ್ನು ಚಾರ್ಜರಿನ ಸ್ಟೋರೇಜ್ ಮೋಡಿನಲ್ಲಿ ಹಾಕಿ, ಪ್ರತಿ ಸೆಲ್ 3.8 ವೋಲ್ಟ್ ಹತ್ತಿರ ನಿಲ್ಲಿಸಿ, ಗಾಡಿಯಿಂದ ಬೇರೆ ಇಡಿ.